ಮಣೆಯ ಸುತ್ತಲಿನ ನಿಯಮಗಳು: ಚೆನ್ನೈಯ ಗೆಳೆಯರ ಚದುರಂಗ, ಒಂದು ವಿಮರ್ಶೆ

ದಾಳಕ್ಕಾಗಲಿ ಕವಡೆಗಾಗಲಿ ಎಡೆಗೊಡದೆ, ಆಟಗಾರರ ಮುಂದಾಲೋಚನೆಯೊಂದರಿಂದಲೇ ಸೋಲು ಗೆಲುವುಗಳು ತೀರ್ಮಾನವಾಗುವ ಚದುರಂಗ, ಆಡು-ಹುಲಿಯಂಥ ಯುಕ್ತಿಯ ಆಟಗಳಿಗೆ ಎರಡು ಬಗೆಯ ನಿಯಮಗಳಿರುತ್ತವೆ. ಕಾಯಿ ಹೇಗೆ ನಡೆಯಬೇಕು, ಹೇಗೆ ಹೊಡೆಯಬೇಕು ಎಂಬವು ಮಣೆಯ ಮೇಲಿನ ನಿಯಮಗಳು. ಇವು ಪುಸ್ತಕಗಳಲ್ಲಿ ಸಿಗುತ್ತವೆ, ಮನಸ್ಸಿಟ್ಟರೆ ಒಂದೆರಡು ಸಂಜೆಯಲ್ಲಿ ಕೈಗೂ ಹತ್ತುತ್ತವೆ. ಯಾರು ಯಾರೆದುರು ಕೂರಬೇಕು, ಸೋತವರು ಏನು ಮಾಡಬೇಕು, ನೋಡುತ್ತ ನಿಂತವರು ಬಾಯಿ ಹಾಕಬಹುದೇ, ಇಟ್ಟ ಕಾಯನ್ನು ಹಿಂದೆಗೆಯಬಹುದೇ ಎಂಬವು ಮಣೆಯ ಸುತ್ತಲಿನ ನಿಯಮಗಳು. ಇವನ್ನು ಯಾರೂ ಬರೆದಿಡುವುದಿಲ್ಲ, ಆಡುವ ಗುಂಪು ತನಗೆ ತಾನೇ ಮಾಡಿಕೊಳ್ಳುತ್ತದೆ. ಗೆಳೆಯರ ನಡುವೆ ಆಟ ಕಲಿಯುವ ಪದ್ಧತಿಯನ್ನು ಹೊಗಳುವವರು ಸ್ನೇಹದ ಸಲಿಗೆಯನ್ನೂ, ತೆಗಳುವವರು ಶಿಸ್ತಿನ ಕೊರತೆಯನ್ನೂ ಮುಂದೊಡ್ಡುತ್ತಾರಾದರೂ, ಪದ್ಧತಿಯ ಗುಣದೋಷಗಳು ನಿಜವಾಗಿ ಹುಟ್ಟುವುದು ಈ ಎರಡನೆಯ ಬಗೆಯ ನಿಯಮಗಳಿಂದ. ಅದನ್ನು ಒರೆಗೆ ಹಚ್ಚಿ ನೋಡಲು ಭಾರತದಲ್ಲಿ ಚೆನ್ನೈಗಿಂತ ತಕ್ಕ ಊರು ಸಿಗುವುದು ಕಷ್ಟ.

ಚೆನ್ನೈಯ ಚದುರಂಗದ ಆಧುನಿಕ ಚರಿತ್ರೆ ಮ್ಯಾನುಯೆಲ್ ಆರನ್ ಅವರಿಂದ ಮೊದಲಾಗುತ್ತದೆ. 1935ರಲ್ಲಿ ಬರ್ಮಾದಲ್ಲಿ ಹುಟ್ಟಿ ತಮಿಳುನಾಡಿನಲ್ಲಿ ಬೆಳೆದ ಆರನ್ 1961ರಲ್ಲಿ ಭಾರತದ ಮೊದಲ ಇಂಟರ್‌ನ್ಯಾಷನಲ್ ಮಾಸ್ಟರ್ ಎನಿಸಿಕೊಂಡರು. ಒಂಬತ್ತು ಬಾರಿ ರಾಷ್ಟ್ರೀಯ ಪ್ರಶಸ್ತಿ ಗೆದ್ದರು. ವಿಶ್ವ ಚಾಂಪಿಯನ್‌ಗೆ ಸವಾಲು ಹಾಕುವವರನ್ನು ಆರಿಸುವ ಹಂತಗಳಲ್ಲೊಂದಾದ ಇಂಟರ್‌ಜೋನಲ್ ಪಂದ್ಯಾವಳಿ 1962ರಲ್ಲಿ ಸ್ಟಾಕ್‌ಹೋಮ್‌ನಲ್ಲಿ ನಡೆದಾಗ ಪೋರ್ಟಿಶ್, ಉಲ್‌ಮನ್‌ರಂಥ ಘಟಾನುಘಟಿಗಳನ್ನು ಸೋಲಿಸಿದರು. ಅವರ ಕಾಲಕ್ಕೆ ದೇಶದ ಹಲವೆಡೆ ಚದುರಂಗವನ್ನು ದೇಶೀ ನಿಯಮಗಳಲ್ಲಿ ಆಡುತ್ತಿದ್ದರು: ಪದಾತಿ ಮೊದಲ ನಡೆಯಲ್ಲಿಯೂ ಒಂದೇ ಮನೆ ದಾಟುತ್ತಿತ್ತು, ರಾಜನಿಗೆ ಆನೆಯೊಡನೆ ಜಾಗ ಬದಲಿಸಿ ಕೋಟೆ ಕಟ್ಟಿಕೊಳ್ಳುವ ಸೌಲಭ್ಯದ ಬದಲು ಒಮ್ಮೆ ಕುದುರೆಯಂತೆ ಹಾರುವ ಹಕ್ಕಿರುತ್ತಿತ್ತು. ಹೊರಜಗತ್ತಿನ ನಿಯಮಗಳಿಗೂ ಸಾಹಿತ್ಯಕ್ಕೂ ಭಾರತೀಯ ಆಟಗಾರರನ್ನು ಹೊಂದಿಸಿದವರಲ್ಲಿ ಆರನ್ ಪ್ರಮುಖರು. ಆಳ್ವಾರ್‌ಪೇಟೆಯ ಸೋವಿಯತ್ ಸಾಂಸ್ಕೃತಿಕ ಕೇಂದ್ರದಲ್ಲಿ 1972ರಲ್ಲಿ, ವಿಶ್ವ ಚಾಂಪಿಯನ್ ಪಟ್ಟಕ್ಕಾಗಿ ರೇಕ್ಯಾವಿಕ್‌ನಲ್ಲಿ ನಡೆದ ಫಿಶರ್–ಸ್ಪಾಸ್ಕಿ ಪಂದ್ಯ ಜಗತ್ತಿನ ಗಮನ ಸೆಳೆದ ಅದೇ ವರ್ಷ, ಅವರು ಕಟ್ಟಿದ ಮಿಖಾಯಿಲ್ ತಾಲ್ ಚೆಸ್ ಕ್ಲಬ್ಬು ಈ ಊರಿನ ಆಟಗಾರರಿಗೆ ಮಣೆ, ಗಡಿಯಾರ, ರಷ್ಯನ್ ಪುಸ್ತಕಗಳ ಜೊತೆಗೆ ಅವೆಲ್ಲಕ್ಕಿಂತ ದುರ್ಲಭವಾದ ಎದುರಾಳಿಗಳನ್ನೂ ಒದಗಿಸಿತು.

ಆ ಕ್ಲಬ್ಬಿನಲ್ಲಿ ಪಳಗಿದ ವಿಶ್ವನಾಥನ್ ಆನಂದ್ ಆಟವನ್ನು ಕಲಿತದ್ದು ಆರನೆಯ ವಯಸ್ಸಿನಲ್ಲಿ, ತಾಯಿ ಸುಶೀಲಾ ಅವರಿಂದ. ಆದರೆ ಅವರ ಆಟಕ್ಕೆ ಗುರುತಾದ ವೇಗ ಬಂದದ್ದು ಕ್ಲಬ್ಬಿನ ಬ್ಲಿಟ್ಜ್ ಪಂದ್ಯಗಳಿಂದ, ಎಂದರೆ ಇಡೀ ಆಟಕ್ಕೆ ಒಬ್ಬೊಬ್ಬರಿಗೂ ಕೆಲವೇ ನಿಮಿಷಗಳು ಮಾತ್ರ ಸಿಗುವ ಮಿಂಚಿನಾಟದಿಂದ. ಅಲ್ಲಿ ನಡೆಯುತ್ತಿದ್ದ ಪದ್ಧತಿ ಸರಳವಾದದ್ದು: ಗೆದ್ದವರು ಮಣೆಯ ಮುಂದೆ ಉಳಿಯುತ್ತಿದ್ದರು, ಸೋತವರು ಎದ್ದು ಸಾಲಿನ ಕೊನೆಗೆ ಹೋಗುತ್ತಿದ್ದರು. ಶಿಕ್ಷಣಕ್ರಮವೆಂದು ನೋಡಿದರೆ ಈ ಒಂದು ಕಟ್ಟಳೆ ಮೂರು ಕೆಲಸಗಳನ್ನು ಒಟ್ಟಿಗೆ ಮಾಡುತ್ತದೆ. ಗೆದ್ದು ಕೂತವರ ಎದುರಿಗೆ ಒಂದೇ ಸಂಜೆಯಲ್ಲಿ ನಾಲ್ಕಾರು ಮನೋಧರ್ಮದ ಆಟಗಾರರು ಬಂದು ಹೋಗುತ್ತಾರೆ. ಸೋತವರಿಗೆ ಕಾಯುವ ದಂಡ ಬೀಳುವುದರಿಂದ, ಹಣವಾಗಲಿ ಪದಕವಾಗಲಿ ಇಲ್ಲದ ಆಟಕ್ಕೂ ಬೆಲೆ ಬರುತ್ತದೆ. ಎಲ್ಲಕ್ಕಿಂತ ಮುಖ್ಯವಾಗಿ, ಎದ್ದು ನಿಂತವರು ತಮ್ಮನ್ನು ಸೋಲಿಸಿದ ಅದೇ ಕೈಗೆ ಮುಂದಿನವರು ಹೇಗೆ ಉತ್ತರ ಕೊಡುತ್ತಾರೆಂದು ನೋಡುತ್ತ, ತಾವು ಎಲ್ಲಿ ಎಡವಿದ್ದೆಂದು ಹೊರಗಿನಿಂದ ಕಾಣುತ್ತಾರೆ. ಮಣೆಯ ಮುಂದೆ ವಯಸ್ಸಿಗೂ ಹುದ್ದೆಗೂ ರಿಯಾಯಿತಿಯಿಲ್ಲದ ಕಾರಣ, ಶಾಲೆಯ ಹುಡುಗನೊಬ್ಬ ಆಫೀಸಿನಿಂದ ಬಂದ ಹಿರಿಯರನ್ನು ಎಬ್ಬಿಸಬಹುದಾಗಿತ್ತು. ಹಿರಿಕಿರಿಯರ ಭೇದ ಬಲವಾಗಿದ್ದ ಸಮಾಜದಲ್ಲಿ ಇದು ಸಣ್ಣ ಸಂಗತಿಯಲ್ಲ.

1983ರ ರಾಷ್ಟ್ರೀಯ ಸಬ್ ಜೂನಿಯರ್ ಪಂದ್ಯಾವಳಿಯಲ್ಲಿ ಒಂಬತ್ತಕ್ಕೆ ಒಂಬತ್ತು ಅಂಕ, 1987ರಲ್ಲಿ ವಿಶ್ವ ಜೂನಿಯರ್ ಪಟ್ಟ, 1988ರಲ್ಲಿ ಭಾರತದ ಮೊದಲ ಗ್ರ್ಯಾಂಡ್‌ಮಾಸ್ಟರ್ ಪದವಿ ಎಂಬ ಆನಂದ್ ಅವರ ಸಾಧನೆಯ ಸಾಲನ್ನು ಈ ಪದ್ಧತಿಯ ಖಾತೆಗೆ ಬರೆಯುವುದು ವಾಡಿಕೆ. ವಿಮರ್ಶಕರು ಇಲ್ಲಿ ಸ್ವಲ್ಪ ತಡೆಯಬೇಕಾಗುತ್ತದೆ. ಅದೇ ಸಾಲಿನಲ್ಲಿ ನಿಂತು, ಅದೇ ಗಡಿಯಾರವನ್ನು ಒತ್ತಿ, ಹವ್ಯಾಸಿಗಳಾಗಿಯೇ ಉಳಿದವರು ಎಷ್ಟೋ ಮಂದಿ; ಒಬ್ಬ ಅಸಾಧಾರಣ ಬಾಲಕ ಮೇಲೆದ್ದುದರಿಂದ ಕ್ರಮ ಎಲ್ಲರಿಗೂ ಒಳ್ಳೆಯದೆಂದು ಸಾಬೀತಾಗುವುದಿಲ್ಲ. ಕಟ್ಟಳೆಯ ಒಳಗೇ ಒಂದು ಅನ್ಯಾಯವಿದೆ: ಅದು ಅಭ್ಯಾಸವನ್ನು ಅಗತ್ಯಕ್ಕೆ ವಿಲೋಮವಾಗಿ ಹಂಚುತ್ತದೆ. ಹೆಚ್ಚು ಆಡಬೇಕಾದ ಹೊಸಬರು ಐದು ನಿಮಿಷ ಕೂತು ಅರ್ಧ ಗಂಟೆ ನಿಲ್ಲುತ್ತಾರೆ, ಆಗಲೇ ಬಲ್ಲವರು ಸಂಜೆಯಿಡೀ ಆಡುತ್ತಾರೆ. ನಿಂತು ನೋಡಿ ಕಲಿಯುವುದಕ್ಕೂ ಒಂದು ಮಟ್ಟದ ತಿಳಿವಳಿಕೆ ಬೇಕು. ಅದಿಲ್ಲದವರಿಗೆ ಮಿಂಚಿನಾಟವೆಂದರೆ ಕೈಗಳ ಓಡಾಟ, ಗಡಿಯಾರದ ಸದ್ದು, ಅಷ್ಟೇ. ನಾಲ್ಕು ದಿನ ಬಂದು ಐದನೆಯ ದಿನ ಬಾರದವರ ಲೆಕ್ಕವನ್ನು ಯಾವ ಕ್ಲಬ್ಬೂ ಇಡುವುದಿಲ್ಲ.

ಎರಡನೆಯ ದೋಷ ವೇಗದ್ದು. ಮಿಂಚಿನಾಟ ಆಗಲೇ ಗೊತ್ತಿರುವ ವಿನ್ಯಾಸಗಳನ್ನು ಥಟ್ಟನೆ ಗುರುತಿಸುವ ಶಕ್ತಿಯನ್ನು ಬೆಳೆಸುತ್ತದೆ. ಗೊತ್ತಿದೆಯೆಂದು ನಂಬಿದ್ದನ್ನು ಮತ್ತೆ ಪರೀಕ್ಷಿಸುವ ಸಂಯಮವನ್ನು ಅದು ಕಲಿಸಲಾರದು. 1988ರಲ್ಲಿ ಸ್ವಿಟ್ಜರ್ಲೆಂಡಿನ ಬೀಲ್‌ನಲ್ಲಿ ಕೊಲಂಬಿಯಾದ ಅಲೊನ್ಸೊ ಜಪಾಟಾ ಎದುರು ಆನಂದ್ ಆರೇ ನಡೆಗಳಲ್ಲಿ ಸೋಲೊಪ್ಪಿಕೊಂಡ ಆಟವನ್ನು ಈ ದೃಷ್ಟಿಯಿಂದ ಹತ್ತಿರದಿಂದ ನೋಡಬಹುದು. ಐದನೆಯ ನಡೆಯಲ್ಲಿ ಅವರು ಒಂಟೆಯನ್ನು, ಮಣೆಯ ನಡುವೆ ನಿಂತ ತಮ್ಮ ಕುದುರೆಯ ಬೆಂಬಲಕ್ಕೆಂದು, ಹೊರತಂದರು. ಜಪಾಟಾ ತಮ್ಮ ರಾಣಿಯನ್ನು ರಾಜನ ಮುಂದಿನ ಮನೆಗೆ ಒಂದು ಹೆಜ್ಜೆ ಸರಿಸಿದರು. ಆ ಸಾಲು ಪೂರಾ ತೆರೆದಿದ್ದುದರಿಂದ, ಕುದುರೆ ಕದಲಿದರೆ ಹಿಂದಿರುವ ಕಪ್ಪು ರಾಜ ನೇರವಾಗಿ ರಾಣಿಯ ಹೊಡೆತಕ್ಕೆ ಬೀಳುವ ಸ್ಥಿತಿ; ಕದಲಲಾರದ ಕುದುರೆಯ ಮೇಲೆ ಬಿಳಿಯ ಪದಾತಿಯೊಂದು ಬಂದರೆ ಅದು ಹೋದಂತೆಯೇ. ಹಿಂದಿನ ವರ್ಷ ಮೈಲ್ಸ್ ಮತ್ತು ಕ್ರಿಸ್ಟಿಯನ್ಸನ್ ನಡುವಿನ ಆಟದಲ್ಲಿ ಇದೇ ಒಂಟೆಯ ನಡೆ ದಂಡ ತೆರದೆ ದಾಟಿಹೋಗಿತ್ತು; ಅಚ್ಚಾದ ಆ ಆಟವನ್ನು ನಂಬಿಯೇ ಆನಂದ್ ಅದನ್ನು ಆಡಿದ್ದರು. ಈ ಸೋಲಿಗೆ ಕ್ಲಬ್ಬಿನ ಪಾಠವೇ ಕಾರಣವೆನ್ನುವುದು ಅನ್ಯಾಯವಾದೀತು. ಆದರೂ ಪ್ರತಿಭೆ ಎಷ್ಟಿದ್ದರೂ, ಅಚ್ಚಾಗಿ ಬಂದ ನಡೆಯನ್ನು ತಡೆದು ಪ್ರಶ್ನಿಸುವ ಅಭ್ಯಾಸ ಬೇರೆಯಾಗಿ ಬರಬೇಕಾದುದೆಂಬುದಕ್ಕೆ ಇದಕ್ಕಿಂತ ಚುಟುಕಾದ ನಿದರ್ಶನವಿಲ್ಲ.

ಗೆದ್ದವರು ಉಳಿಯುವ ಈ ಪದ್ಧತಿಗೆ ಎದುರಾಗಿ ಇಡಬಹುದಾದ ಇನ್ನೊಂದು ಕ್ರಮ ತಮಿಳುನಾಡಿನಲ್ಲಿಯೂ ಕರ್ನಾಟಕದಲ್ಲಿಯೂ ಬಹುಕಾಲದಿಂದ ಬಳಕೆಯಲ್ಲಿದೆ. ತಮಿಳಿನಲ್ಲಿ ಆಡು ಪುಲಿ ಆಟ್ಟಂ, ಕನ್ನಡದಲ್ಲಿ ಆಡು-ಹುಲಿ ಅಥವಾ ಹುಲಿ-ಕುರಿ ಆಟವೆನಿಸಿದ ಈ ಆಟದ ಗೆರೆಗಳನ್ನು ದೇವಸ್ಥಾನಗಳ ಕಲ್ಲುಹಾಸಿನ ಮೇಲೂ ಜಗುಲಿಗಳ ಮೇಲೂ ಕೆತ್ತಿರುವುದುಂಟು. ತುದಿಯಿಂದ ಇಳಿಯುವ ಗೆರೆಗಳನ್ನು ಅಡ್ಡಗೆರೆಗಳು ಕತ್ತರಿಸಿ ಉಂಟಾದ 23 ಬಿಂದುಗಳ ಮೇಲೆ ಒಬ್ಬರು ಮೂರು ಹುಲಿಗಳನ್ನೂ ಇನ್ನೊಬ್ಬರು ಹದಿನೈದು ಆಡುಗಳನ್ನೂ ನಡೆಸುತ್ತಾರೆ. ಊರೂರಿಗೆ ನಿಯಮಗಳು ಒಂದಿಷ್ಟು ಬದಲಾದರೂ ತಿರುಳು ಒಂದೇ. ಹುಲಿ ಆಡಿನ ಮೇಲೆ ಹಾರಿ ಆಚೆಯ ಖಾಲಿ ಬಿಂದುವಿಗೆ ಇಳಿದು ಅದನ್ನು ಹೊಡೆಯುತ್ತದೆ, ಆಡುಗಳು ಹೊಡೆಯಲಾರವು, ಹುಲಿಗಳು ಅಲುಗದಂತೆ ಮುತ್ತಿ ಕಟ್ಟಿಹಾಕಬಲ್ಲವು ಮಾತ್ರ. ಹೊಸಬರ ಕೈಗೆ ಆಡು ಬಂದರೆ ಅವರು ಅದನ್ನು ಹುಲಿಯ ಪಕ್ಕದಲ್ಲೇ, ಬೆನ್ನಿಗೆ ಖಾಲಿ ಬಿಟ್ಟು ಇಡುತ್ತಾರೆ. ಹುಲಿ ಹಾರುತ್ತದೆ, ಆಡು ಹೋಗುತ್ತದೆ. ಎರಡು ಮೂರು ಕಳೆದುಕೊಂಡ ಮೇಲೆ ಬೆನ್ನಿಗೊಂದು ಆಡಿಲ್ಲದೆ ಮುಂದಿನದು ನಿಲ್ಲಲಾರದೆಂದು ಅರಿವಾಗಿ, ಅಂಚಿನಿಂದ ಸಾಲು ಕಟ್ಟುತ್ತ ಬರುತ್ತಾರೆ.

ಈ ಆಟದ ಬಲ ಇರುವುದು ಎರಡು ಪಕ್ಷಗಳ ಅಸಮಾನತೆಯಲ್ಲಿ. ಒಂದಾಟ ಮುಗಿದ ಮೇಲೆ ಪಕ್ಷ ಬದಲಿಸುವುದು ವಾಡಿಕೆಯಾದುದರಿಂದ ಇಬ್ಬರೂ ಕೂತೇ ಇರುತ್ತಾರೆ. ಇದೀಗ ಆಡುಗಳನ್ನು ಕಳೆದುಕೊಂಡವರು ಹುಲಿಯಾಗಿ ಎದುರಾಳಿಯ ಸಾಲಿನಲ್ಲಿ ಅದೇ ಸಂದನ್ನು ಹುಡುಕುತ್ತಾರೆ. ತಾಲ್ ಕ್ಲಬ್ಬಿನ ಸಾಲಿನಲ್ಲಿ ಹೊರಗೆ ನಿಂತು ಪಡೆಯಬೇಕಾದ ನೋಟ ಇಲ್ಲಿ ಜಾಗ ಬಿಡದೆಯೇ ಸಿಗುತ್ತದೆ. ಗೆಳೆಯರಲ್ಲಿ ಒಬ್ಬರು ಬಲ್ಲವರಾಗಿದ್ದರೆ ಕಷ್ಟದ ಪಕ್ಷವನ್ನು ತಾವೇ ವಹಿಸಿಕೊಂಡು, ಕಾಯಿ ಬಿಟ್ಟುಕೊಡುವ ದಾಕ್ಷಿಣ್ಯ ತೋರಿಸದೆ ಆಟವನ್ನು ಸರಿತೂಗಿಸಬಹುದು. ಮಿತಿಯೂ ಉಂಟು: ಮಣೆ ಚಿಕ್ಕದಾದುದರಿಂದ, ಇಬ್ಬರೂ ಪಳಗಿದ ಮೇಲೆ ಆಟ ಒಂದೇ ಜಾಡಿಗೆ ಬೀಳುತ್ತದೆ, ಚದುರಂಗದಂತೆ ಆಯುಷ್ಯವಿಡೀ ಹೊಸದಾಗಿ ಕಾಣುವ ಆಳ ಅದಕ್ಕಿಲ್ಲ.

ಒಬ್ಬಂಟಿಯಾಗಿ ಕಲಿಯುವ ಪರಂಪರೆಯೂ ನಮ್ಮಲ್ಲಿ ಹಳೆಯದೇ. ಮೈಸೂರಿನ ಮುಮ್ಮಡಿ ಕೃಷ್ಣರಾಜ ಒಡೆಯರು (1794–1868) ಚದುರಂಗದ ಕುದುರೆ 64 ಮನೆಗಳನ್ನೂ ಒಂದೊಂದೇ ಬಾರಿ ಮುಟ್ಟಿ ಬರುವ ಸಂಚಾರಗಳನ್ನು ರಚಿಸಿದರು; ಇದಕ್ಕೆ ಎದುರಾಳಿ ಬೇಕಿಲ್ಲ, ಕಾಯಿಯ ಗುಣವನ್ನು ತಳಮುಟ್ಟ ಬಲ್ಲ ತಾಳ್ಮೆ ಸಾಕು. ಇಂದಿನ ತರಬೇತಿ ಈ ಏಕಾಂತದ ಅಭ್ಯಾಸವನ್ನು ಕಂಪ್ಯೂಟರ್ ಎಂಜಿನ್ನಿನ, ಅಂದರೆ ಪ್ರತಿ ನಡೆಗೂ ಬೆಲೆ ಕಟ್ಟಿ ಹೇಳುವ ತಂತ್ರಾಂಶದ, ಮೂಲಕ ಮುಂದುವರಿಸಿದೆ. ವೇಲಮ್ಮಾಳ್ ಶಾಲೆಗಳು, ಆರ್. ಬಿ. ರಮೇಶ್ ಮತ್ತು ಆರತಿ ರಾಮಸ್ವಾಮಿ ದಂಪತಿಗಳ ಚೆಸ್ ಗುರುಕುಲದಂಥ ಸಂಸ್ಥೆಗಳು ಬಂದ ಮೇಲೆ ಚೆನ್ನೈಯಲ್ಲಿ ಕ್ಲಬ್ಬಿನ ಸಾಲಿಗಿದ್ದ ಮಹತ್ವ ಅಕಾಡೆಮಿಯ ತರಗತಿಗೆ ಸಂದಿದೆ. 2024ರ ಡಿಸೆಂಬರ್ 12ರಂದು ಸಿಂಗಪುರದಲ್ಲಿ ಡಿಂಗ್ ಲಿರೆನ್ ಅವರನ್ನು 7.5–6.5ರಿಂದ ಸೋಲಿಸಿ, ಹದಿನೆಂಟರ ವಯಸ್ಸಿನಲ್ಲೇ ವಿಶ್ವ ಚಾಂಪಿಯನ್ ಆದ ಡಿ. ಗುಕೇಶ್ ಈ ಹೊಸ ವ್ಯವಸ್ಥೆಯ ಫಲ.

ಆದರೆ ಆ ಫಲವನ್ನು ಬಿಡಿಸಿ ನೋಡಿದರೆ ಗೆಳೆಯರ ಮಣೆ ಅಲ್ಲಿಂದ ಮಾಯವಾಗಿಲ್ಲವೆಂದು ತಿಳಿಯುತ್ತದೆ. ಗುಕೇಶ್‌ರ ತರಬೇತುದಾರ ವಿಷ್ಣು ಪ್ರಸನ್ನ ಆರಂಭದ ವರ್ಷಗಳಲ್ಲಿ ಶಿಷ್ಯನನ್ನು ಎಂಜಿನ್ನಿನಿಂದ ದೂರವಿಟ್ಟು, ಸ್ವಂತ ಲೆಕ್ಕಾಚಾರಕ್ಕೆ ಒಗ್ಗಿಸಿದರು. ಆರ್. ಪ್ರಗ್ನಾನಂದ ಆಟಕ್ಕೆ ಬಂದದ್ದು ಅಕ್ಕ ವೈಶಾಲಿ ಆಡುವುದನ್ನು ನೋಡಿ; ಇಬ್ಬರೂ ಗ್ರ್ಯಾಂಡ್‌ಮಾಸ್ಟರ್ ಆದ ಜಗತ್ತಿನ ಮೊದಲ ಅಕ್ಕ-ತಮ್ಮಂದಿರು ಅವರೇ. 2022ರಲ್ಲಿ ಚೆನ್ನೈ ಹತ್ತಿರದ ಮಾಮಲ್ಲಪುರದಲ್ಲಿ ನಡೆದ 44ನೆಯ ಚೆಸ್ ಒಲಿಂಪಿಯಾಡಿನಲ್ಲಿ ಕಂಚು ಗೆದ್ದದ್ದು, ಗುಕೇಶ್ ಮೊದಲ ಎಂಟು ಆಟಗಳನ್ನು ಸಾಲಾಗಿ ಗೆದ್ದ, ಬಹುಪಾಲು ಓರಗೆಯ ಹುಡುಗರೇ ಇದ್ದ ಭಾರತದ ಎರಡನೆಯ ತಂಡ. ಎಂಜಿನ್ನು ಸರಿಯಾದ ನಡೆಯನ್ನು ಹೇಳುತ್ತದೆ, ಆದರೆ ಸೋಲಿಸಲು ಹಟ ಹಿಡಿಯುವುದಿಲ್ಲ, ಸೋತಾಗ ಮುಖ ಬಾಡಿಸುವುದಿಲ್ಲ, ತಾನೂ ಅದೇ ತಪ್ಪು ಮಾಡಿದ್ದೆನೆಂದು ಒಪ್ಪಿಕೊಳ್ಳುವುದಿಲ್ಲ. ಓರಗೆಯವರು ಈ ಮೂರನ್ನೂ ಮಾಡುತ್ತಾರೆ. ಅಕಾಡೆಮಿಗಳು ಕೊಟ್ಟ ಬೆಳೆಯಲ್ಲಿ ಗುರುವಿನಷ್ಟೇ ಪಾಲು ಪಕ್ಕದಲ್ಲಿ ಕೂತವರಿಗೂ ಇದೆ.

ಜರ್ಮನಿಯ ಕ್ಲೌಸ್ ಟಾಯ್ಬರ್ 1995ರಲ್ಲಿ ಹೊರತಂದ ಕಟಾನ್ ಮೊದಲಾದ ಹೊಸ ಮಣೆಯಾಟಗಳು, ಸೋತ ಹೊಸಬರು ಗುಂಪು ಬಿಟ್ಟುಹೋಗುವ ಸಮಸ್ಯೆಗೆ ಮಣೆಯ ಮೇಲಿನ ನಿಯಮಗಳಿಂದಲೇ ಉತ್ತರ ಹುಡುಕಿವೆ: ಅಲ್ಲಿ ಯಾರೂ ನಡುವೆ ಹೊರಬೀಳುವುದಿಲ್ಲ, ದಾಳವಿರುವುದರಿಂದ ಹೊಸಬರೂ ಆಗೊಮ್ಮೆ ಈಗೊಮ್ಮೆ ಗೆಲ್ಲುತ್ತಾರೆ. ಇದರಿಂದ ಗುಂಪು ಒಡೆಯದೆ ಉಳಿಯುತ್ತದೆ ನಿಜ, ಆದರೆ ಗೆಲುವಿನಲ್ಲಿ ದಾಳದ ಪಾಲೆಷ್ಟು ತಿಳಿವಳಿಕೆಯ ಪಾಲೆಷ್ಟು ಎಂಬುದು ಕಲಿಯುವವರಿಗೆ ಸ್ಪಷ್ಟವಾಗುವುದಿಲ್ಲ.

ಹೀಗೆ ತೂಗಿ ನೋಡಿದಾಗ ಗೆಳೆಯರ ನಡುವಿನ ಕಲಿಕೆಯ ಬಗ್ಗೆ ಒಂದು ನಿಲುವಿಗೆ ಬರಬಹುದು. ಗೆದ್ದವರು ಉಳಿಯುವ ಕಟ್ಟಳೆ ಬಲ್ಲವರನ್ನು ಇನ್ನಷ್ಟು ಹರಿತಗೊಳಿಸುತ್ತದೆ. ಪಕ್ಷ ಬದಲಿಸುವ ಕಟ್ಟಳೆ ಹೊಸಬರನ್ನು ಉಳಿಸಿಕೊಳ್ಳುತ್ತದೆ. ಎರಡರಲ್ಲಿ ಯಾವುದೊಂದೂ ತಾನಾಗಿ ಪೂರ್ಣವಲ್ಲ. ಆಟ ಮುಗಿದೊಡನೆ ಕಾಯಿಗಳನ್ನು ಒಟ್ಟದೆ, ಸೋತವರೂ ಗೆದ್ದವರೂ ಸೇರಿ ಆಟ ತಿರುಗಿದ ಜಾಗಕ್ಕೆ ಮಣೆಯನ್ನು ಹಿಂದಕ್ಕೆ ನಡೆಸಿ ಬೇರೆ ನಡೆಗಳನ್ನು ಹೂಡಿ ನೋಡುವ, ಚದುರಂಗದವರು ಪೋಸ್ಟ್‌ಮಾರ್ಟಂ ಎಂದು ಕರೆಯುವ ರೂಢಿಯೇ ಇವೆರಡನ್ನೂ ಕೂಡಿಸುವ ಕೊಂಡಿ. ಸಾಲಿನಲ್ಲಿ ಮುಂದಿನವರು ಕಾಯುತ್ತಿರುವಾಗ ಮೊದಲು ಕೈಬಿಟ್ಟುಹೋಗುವುದೂ ಅದೇ. ಆದುದರಿಂದ ಒಂದು ಕ್ಲಬ್ಬನ್ನಾಗಲಿ, ಶಾಲೆಯ ಗುಂಪನ್ನಾಗಲಿ, ಮನೆಯ ಜಗುಲಿಯನ್ನಾಗಲಿ ಅಳೆಯಬೇಕಾದವರು ಅಲ್ಲಿಂದ ಎಷ್ಟು ಚಾಂಪಿಯನ್‌ಗಳು ಬಂದರೆಂದು ಕೇಳುವುದಕ್ಕೆ ಮುಂಚೆ, ಅಲ್ಲಿ ಸೋತವರಿಗೆ ಏನು ಸಿಗುತ್ತದೆಂದು ಕೇಳಬೇಕು. ಚಾಂಪಿಯನ್‌ಗಳು ಬರುವುದಕ್ಕೆ ಪ್ರತಿಭೆ, ಹಣ, ಅದೃಷ್ಟಗಳೆಲ್ಲ ಕೂಡಿಬರಬೇಕು. ಸೋತವರು ಮರುದಿನವೂ ಬರುವಂತೆ ನೋಡಿಕೊಳ್ಳುವುದು ಮಾತ್ರ ಪೂರ್ತಿ ಆ ಗುಂಪಿನ ಕೈಯಲ್ಲಿದೆ.