ಸುರಕ್ಷಿತ: ಯಾರಿಂದ?

ಜ್ವರ ಬಿಟ್ಟ ಮಗುವನ್ನು ನೋಡಿ ‘ಈಗ ಹುಷಾರಾಗಿದೆ’ ಎನ್ನುತ್ತೇವೆ. ಅದೇ ಮಗು ರಸ್ತೆ ದಾಟುವಾಗ ‘ಹುಷಾರು!’ ಎಂದು ಕೂಗುತ್ತೇವೆ. ಎಚ್ಚರವೆಂಬ ಅರ್ಥದಲ್ಲಿ ಪಾರಸಿಯಿಂದ ಬಂದ ಪದ ನಮ್ಮ ಮನೆಗಳಲ್ಲಿ ಆರೋಗ್ಯವೂ ಆಯಿತು. ಊರಿಗೆ ಹೊರಟವರಿಗೆ ‘ಜೋಪಾನ’, ಬೀರುವಿನ ಒಡವೆಗೆ ‘ಭದ್ರ’, ಪತ್ರದ ಮೊದಲ ಸಾಲಿಗೆ ‘ಕ್ಷೇಮ’. ಇಷ್ಟು ಪದಗಳಿರುವ ಭಾಷೆಯಲ್ಲಿ ಇಂದು ಎಲ್ಲಕ್ಕೂ ‘ಸುರಕ್ಷಿತ’ ಎಂಬುದೊಂದೇ ಸಾಕೆನಿಸಿದೆ. ಈ ಬಡತನಕ್ಕಿಂತ ಹೆಚ್ಚಾಗಿ ಕಾಡುವುದು ಆ ಪದದ ದುರ್ಬಳಕೆ.

‘ರಕ್ಷಿತ’ ಎಂದರೆ ಕಾಯಲ್ಪಟ್ಟದ್ದು. ಅಂದಮೇಲೆ ಕಾಯುವವರೊಬ್ಬರು ಇರಲೇಬೇಕು. ಅವರ ಹೆಸರನ್ನು ಪದ ಹೇಳದಿದ್ದರೂ ಅವರಿಲ್ಲದೆ ಅದಕ್ಕೆ ಅರ್ಥವಿಲ್ಲ. ದೇವಾಲಯದಲ್ಲಿ ‘ರಕ್ಷಣೆ’ ಎಂದಾಗ ರಕ್ಷಕನಾರೆಂದು ನಾವು ಬಲ್ಲೆವು. ಹೊರಗೆ ಬಂದೊಡನೆ ಆ ಪ್ರಶ್ನೆಯನ್ನೇ ಮರೆಯುತ್ತೇವೆ.

ಗೌರಿಬಿದನೂರು ತಾಲ್ಲೂಕಿನ ಕುಡುಮಲಕುಂಟೆಯನ್ನು ನೆನೆಯಿರಿ. ಹೆಸರಿನಲ್ಲಿ ಕುಂಟೆ, ಅಂದರೆ ಪುಟ್ಟ ಕೆರೆ. ಇಂದು ಅದು ಕೈಗಾರಿಕಾ ಪ್ರದೇಶವೆಂದು ಪರಿಚಿತ. ಕಾರ್ಖಾನೆಗಳ ಹೆಬ್ಬಾಗಿಲಲ್ಲಿ ‘ಸುರಕ್ಷತೆ ಮೊದಲು’ ಎಂಬ ಫಲಕ ಎಲ್ಲೆಡೆ ಸಾಮಾನ್ಯ. ಮಾರ್ಚ್ 4 ರಾಷ್ಟ್ರೀಯ ಸುರಕ್ಷತಾ ದಿನ. ಅಂದು ಕಾರ್ಮಿಕರಿಂದ ಪ್ರತಿಜ್ಞೆ ಮಾಡಿಸುತ್ತಾರೆ. ಹೆಲ್ಮೆಟ್ ಧರಿಸು, ಕೈಗವಸು ಹಾಕು, ಮೈಮರೆಯಬೇಡ. ಒಳ್ಳೆಯ ಮಾತುಗಳೇ; ಆದರೆ ಇವೆಲ್ಲ ‘ಹುಷಾರು’, ಸುರಕ್ಷತೆಯಲ್ಲ. 1984ರ ಭೋಪಾಲ ದುರಂತದ ಬಳಿಕ, 1987ರಲ್ಲಿ, ಕಾರ್ಖಾನೆಗಳ ಕಾಯ್ದೆಗೆ ಸೇರಿದ 7-ಎ ಕಲಮು ಕಾರ್ಮಿಕರ ಆರೋಗ್ಯ, ಸುರಕ್ಷತೆ, ಕ್ಷೇಮಗಳ ಹೊಣೆಯನ್ನು ಕಾರ್ಖಾನೆ ನಡೆಸುವವನ ಮೇಲೆ ಹೊರಿಸಿತು. ಆ ಕಾಯ್ದೆಯ ಬದಲಿಗೆ 2025ರ ನವೆಂಬರಿನಲ್ಲಿ ಜಾರಿಗೆ ಬಂದ ಸಂಹಿತೆಯಲ್ಲಿಯೂ ಹೊಣೆ ಮಾಲೀಕನದೇ. ಭೋಪಾಲದಲ್ಲಿ ಆ ರಾತ್ರಿ ಮಲಗಿದ್ದವರನ್ನು ಯಾವ ಹುಷಾರು ಉಳಿಸಬಹುದಿತ್ತು?

ವಿಚಿತ್ರವೆಂದರೆ, ಪದ ನಿಜಕ್ಕೂ ಬೇಕಾದೆಡೆ ಅದಿಲ್ಲ. ಚಿಕ್ಕಬಳ್ಳಾಪುರ ಜಿಲ್ಲೆಯ ಅನೇಕ ಕೊಳವೆಬಾವಿಗಳಲ್ಲಿ ಫ್ಲೋರೈಡ್ ಇದೆ. ಅದಕ್ಕೆ ಬಣ್ಣವಿಲ್ಲ, ವಾಸನೆಯಿಲ್ಲ. ನೀರು ತಿಳಿಯಾಗಿಯೇ ಇರುತ್ತದೆ. ಲೀಟರಿಗೆ 1.5 ಮಿಲಿಗ್ರಾಂ ಮೀರಿದ ನೀರನ್ನು ಬಹುಕಾಲ ಕುಡಿದರೆ ಮಕ್ಕಳ ಹಲ್ಲು ಕಲೆಗಟ್ಟುತ್ತದೆ; ಪ್ರಮಾಣ ಇನ್ನೂ ಏರಿದರೆ ಮೂಳೆ, ಕೀಲುಗಳು ಬಿಗಿಯುತ್ತವೆ. ತಾಯಿ ಎಷ್ಟೇ ಹುಷಾರಾಗಿದ್ದರೂ ಅದನ್ನು ಕಣ್ಣಿನಿಂದ ಕಾಣಲಾರಳು. ಯಾರಾದರೂ ಪರೀಕ್ಷಿಸಬೇಕು, ಶೋಧಿಸುವ ಯಂತ್ರವನ್ನು ಕಾಲಕಾಲಕ್ಕೆ ಸರಿಪಡಿಸಬೇಕು. ನಮ್ಮ ಹಳ್ಳಿಗಳ ಘಟಕಗಳ ಮೇಲೆ ‘ಶುದ್ಧ ಕುಡಿಯುವ ನೀರು’ ಎಂದಿರುತ್ತದೆ. ಶುದ್ಧವೆಂಬುದು ನೀರಿನ ಗುಣ, ಅಷ್ಟೇ. ‘ಸುರಕ್ಷಿತ’ ಎಂದು ಬರೆದಿದ್ದರೆ, ಕೊಡ ಹಿಡಿದು ನಿಂತವಳು ಕಳೆದ ಪರೀಕ್ಷೆ ಯಾವಾಗ ನಡೆಯಿತು, ಯಾರು ಮಾಡಿದರು ಎಂದು ಕೇಳಬಹುದಿತ್ತು.