ಹಿನ್ನೆಲೆ ಬರೆಯುತ್ತಿದ್ದ ಕೈ ಕಟ್ಟಿದ ಸಿನಿಮಾ

ಆ್ಯನಿಮೇಷನ್ ಕಂಪನಿ ನಡೆಸಿದವರು ಸ್ವಂತ ಸಿನಿಮಾ ನಿರ್ಮಾಣಕ್ಕೆ ಇಳಿದರೆ ಆ ಸಿನಿಮಾದಲ್ಲಿ ಪೋಲು ಕಡಿಮೆ ಇರುತ್ತದೆ. ಇದು ನನ್ನ ಬಹುಕಾಲದ ನಂಬಿಕೆ. ಕಾರಣ ಅವರ ಸ್ವಭಾವದಲ್ಲಿಲ್ಲ, ಕಸುಬಿನಲ್ಲಿದೆ. ಪರದೆಯ ಮೇಲೆ ಒಂದು ಸೆಕೆಂಡಿಗೆ 24 ಫ್ರೇಮು ಓಡಬೇಕು. ಒಂದು ಚಿತ್ರವನ್ನು ಎರಡು ಫ್ರೇಮಿಗೆ ಹಿಡಿದು ಕೈ ಉಳಿಸಿದರೂ ಸೆಕೆಂಡಿಗೆ 12 ಚಿತ್ರ ಬೇಕು. ಹತ್ತು ನಿಮಿಷಕ್ಕೆ 7,200. ಕ್ಯಾಮೆರಾ ಇಟ್ಟು ಸಿನಿಮಾ ತೆಗೆಯುವವರು ಒಂದೇ ದೃಶ್ಯವನ್ನು ನಾಲ್ಕು ಕಡೆಯಿಂದ ತೆಗೆದುಕೊಂಡು, ಬೇಡವಾದದ್ದನ್ನು ಎಡಿಟಿಂಗ್ ಕೋಣೆಯಲ್ಲಿ ಬಿಟ್ಟುಬಿಡಬಹುದು. ಚಿತ್ರ ಬರೆಸುವ ಯಜಮಾನನಿಗೆ ಆ ಸವಲತ್ತಿಲ್ಲ. ಬಿಟ್ಟ ಒಂದೊಂದು ಸೆಕೆಂಡೂ ಯಾರೋ ಬೆನ್ನು ಬಾಗಿಸಿ ಕೂತು ದುಡಿದದ್ದು. ಹಾಗಾಗಿ ಅವನು ಮೊದಲು ಕಥೆಯನ್ನು ಹಾಳೆಯ ಮೇಲೆ ಶಾಟ್ ಶಾಟ್ ಆಗಿ ಬರೆಸುತ್ತಾನೆ, ಮಾತು ಸಂಗೀತವನ್ನು ಮೊದಲೇ ರೆಕಾರ್ಡ್ ಮಾಡಿಸುತ್ತಾನೆ, ಯಾವ ಹಕ್ಕಿ ಎಷ್ಟು ಫ್ರೇಮಿಗೆ ರೆಕ್ಕೆ ಎತ್ತಬೇಕು ಎಂಬುದನ್ನು ತೀರ್ಮಾನಿಸುತ್ತಾನೆ. ಖರ್ಚು ಆಮೇಲೆ.

ಈ ಮಾತಿಗೆ ನಮ್ಮ ದೇಶದಲ್ಲಿ ನನಗೆ ಸಿಗುವ ಅತ್ಯುತ್ತಮ ಸಾಕ್ಷಿ ಭೀಮಸೇನ್. ಹೆಸರು ನೆನಪಿರದವರಿಗೂ ಅವರ ಕೈಕೆಲಸ ಗೊತ್ತು. ದೂರದರ್ಶನದ ಕಾಲದಲ್ಲಿ ಬೆಳೆದ ಕನ್ನಡದ ಮಕ್ಕಳೂ ಹಿಂದಿಯ ಒಂದಕ್ಷರ ಬಾರದಿದ್ದರೂ ಬಾಯಿಪಾಠ ಮಾಡಿದ್ದ 'ಏಕ್ ಅನೇಕ್ ಔರ್ ಏಕತಾ' ಎಂಬ 1974ರ ಪುಟ್ಟ ಚಿತ್ರದ ಗೆರೆಗಳು ಅವರವು. ಬಲೆಯನ್ನೇ ಹೊತ್ತು ಹಾರುವ ಹಕ್ಕಿಗಳ ಆ ಕಥೆಯನ್ನು ರೂಪಿಸಿದವರು ವಿಜಯಾ ಮುಳೆ.

ಮುಲ್ತಾನಿನಲ್ಲಿ 1936ರಲ್ಲಿ ಹುಟ್ಟಿದ ಭೀಮಸೇನರ ಕುಟುಂಬ ದೇಶವಿಭಜನೆಯಲ್ಲಿ ನೆಲೆ ಕಳೆದುಕೊಂಡು ಲಖನೌಗೆ ಬಂತು. ಚಿತ್ರಕಲೆ, ಸಂಗೀತ ಎರಡನ್ನೂ ಕಲಿತ ಅವರು 1961ರಲ್ಲಿ ಮುಂಬೈಯ ಫಿಲ್ಮ್ಸ್ ಡಿವಿಷನ್ ಸೇರಿದರು. ಅಲ್ಲಿ ಸಿಕ್ಕಿದ್ದು ಹಿನ್ನೆಲೆ ಬರೆಯುವ ಕೆಲಸ. ಪಾತ್ರಗಳು ಓಡಾಡಲು ಬೇಕಾದ ಬೀದಿ, ಗೋಡೆ, ಆಕಾಶ, ಮರ. ನೋಡುವವರ ಕಣ್ಣು ಪಾತ್ರದ ಮೇಲಿರುತ್ತದೆ, ಹಿನ್ನೆಲೆಯನ್ನು ಯಾರೂ ಹೊಗಳುವುದಿಲ್ಲ. ಅಲ್ಲಿನ ಕಾರ್ಟೂನ್ ಘಟಕಕ್ಕೆ ಅದಕ್ಕೂ ಕೆಲವು ವರ್ಷ ಮುಂಚೆ, 1956ರಲ್ಲಿ, ಡಿಸ್ನಿ ಸ್ಟುಡಿಯೋದ ಕ್ಲೇರ್ ವೀಕ್ಸ್ ಬಂದು ತರಬೇತಿ ಕೊಟ್ಟಿದ್ದರು. ಅವರ ಕೈಯಲ್ಲಿ ಪಳಗಿದ ರಾಮ್ ಮೋಹನ್ ಅಲ್ಲಿನ ಹಿರಿಯರಾಗಿದ್ದರು. ಸರ್ಕಾರಿ ಕಚೇರಿಯೊಂದು ಇಂಥ ಗರಡಿಯಾಗಿತ್ತು ಎಂಬುದನ್ನು ನಾವು ಸಾಕಷ್ಟು ನೆನೆಯುವುದಿಲ್ಲ.

1970ರಲ್ಲಿ ಭೀಮಸೇನ್ 'ದಿ ಕ್ಲೈಂಬ್' ಎಂಬ ಕಿರುಚಿತ್ರ ಮಾಡಿದರು. ಅದಕ್ಕೆ ಶಿಕಾಗೋ ಚಿತ್ರೋತ್ಸವದಲ್ಲಿ ಸಿಲ್ವರ್ ಹ್ಯೂಗೋ ಬಂತು. ಮರುವರ್ಷವೇ ಅದೇ ಹೆಸರಿನಲ್ಲಿ ಸ್ವಂತ ಕಂಪನಿ ಕಟ್ಟಿದರು, ಕ್ಲೈಂಬ್ ಫಿಲ್ಮ್ಸ್. ತಿಂಗಳ ಸಂಬಳ ಬಿಟ್ಟು ಇನ್ನೊಬ್ಬರಿಗೆ ಸಂಬಳ ಕೊಡುವ ಜಾಗಕ್ಕೆ ಬರುವುದು ಕಲಾವಿದನಿಗೆ ಸುಲಭವಲ್ಲ.

ಅವರು ನಿರ್ಮಿಸಿ ನಿರ್ದೇಶಿಸಿದ 'ಘರೌಂದಾ' ತೆರೆಗೆ ಬಂದದ್ದು 1977ರಲ್ಲಿ. ಅಮೋಲ್ ಪಾಲೇಕರ್, ಝರೀನಾ ವಹಾಬ್, ಶ್ರೀರಾಮ್ ಲಾಗೂ, ಕಥೆ ಶಂಕರ್ ಶೇಷ್ ಅವರದು, ಸಂಗೀತ ಜಯದೇವ್. ಒಂದೇ ಆಫೀಸಿನಲ್ಲಿ ದುಡಿಯುವ ಹುಡುಗ ಹುಡುಗಿ ಮದುವೆಯಾಗಬೇಕು, ಅದಕ್ಕೆ ಮುಂಬೈಯಲ್ಲಿ ಒಂದು ಮನೆ ಬೇಕು. ಕೂಡಿಟ್ಟ ಹಣವನ್ನು ಕಟ್ಟಡದವನು ನುಂಗಿಬಿಡುತ್ತಾನೆ. ಆಮೇಲೆ ನಡೆಯುವುದು ಪ್ರೀತಿಯನ್ನೇ ಪಣಕ್ಕಿಡುವ ಒಂದು ಲೆಕ್ಕಾಚಾರ. ಲಾಗೂ ಅವರಿಗೆ ಫಿಲ್ಮ್‌ಫೇರ್ ಪೋಷಕ ನಟ ಪ್ರಶಸ್ತಿ ತಂದುಕೊಟ್ಟ ಪಾತ್ರ, ಆ ಆಫೀಸಿನ ಕಾಯಿಲೆಯ ಯಜಮಾನನದು.

ಈ ಚಿತ್ರವನ್ನು ಹೀರೊ ಹೀರೊಯಿನ್ ಮುಖ ಬಿಟ್ಟು ನೋಡಿ. ಅವರ ಹಿಂದೆ ಏನಿದೆ ಎಂದು ಗಮನಿಸಿ. ಕಟ್ಟುತ್ತಿರುವ ಮಹಡಿಗಳು, ಬರೀ ಕಂಬಗಳ ಮೇಲೆ ನಿಂತ ಗೋಡೆಯಿಲ್ಲದ ಕೋಣೆಗಳು, ಮುಗಿಲಿಗೆ ಎದ್ದ ಬಹುಮಹಡಿಗಳ ಸಾಲು. ಭೂಪೇಂದ್ರ ಮತ್ತು ರೂನಾ ಲೈಲಾ ಹಾಡಿದ ಆ ಪ್ರಸಿದ್ಧ ಯುಗಳಗೀತೆಯಲ್ಲಿ ಇಬ್ಬರೂ ಊರಲ್ಲಿ ಅಲೆಯುವಾಗ ಪ್ರತಿಯೊಂದು ಶಾಟ್‌ನಲ್ಲೂ ಊರೇ ದೊಡ್ಡದು, ಅವರು ಚಿಕ್ಕವರು. ಹಿನ್ನೆಲೆ ಬರೆಯುವುದರಿಂದ ಕಸುಬು ಶುರುಮಾಡಿದ ಮನುಷ್ಯ ಹಿನ್ನೆಲೆಯನ್ನೇ ಮುಖ್ಯ ಪಾತ್ರ ಮಾಡಿಬಿಟ್ಟಿದ್ದಾರೆ! ಮನೆ ಬೇಕು ಎನ್ನುವ ಆಸೆಯನ್ನು ಮಾತಿನಲ್ಲಿ ಹೇಳಬೇಕಾದ ಕಡೆಯಲ್ಲೆಲ್ಲ ಗೋಡೆಗಳೇ ಮಾತಾಡುತ್ತವೆ. ಬೇರೆ ದಾರಿಯಿಂದ ಬಂದ ನಿರ್ಮಾಪಕ ಅಲ್ಲಿ ಇನ್ನೊಂದು ದುಃಖದ ದೃಶ್ಯ ಸೇರಿಸುತ್ತಿದ್ದ ಎಂದೇ ನನ್ನ ಎಣಿಕೆ. ಭೀಮಸೇನ್ 2018ರ ಏಪ್ರಿಲ್‌ನಲ್ಲಿ ತೀರಿಕೊಂಡಾಗ ಪತ್ರಿಕೆಗಳು ಹಕ್ಕಿಗಳ ಚಿತ್ರವನ್ನು ನೆನೆದಷ್ಟು ಈ ಚಿತ್ರವನ್ನು ನೆನೆಯಲಿಲ್ಲವಲ್ಲ ಎಂಬ ಕೊರಗು ನನಗಿದೆ.

ಹೊರದೇಶದಲ್ಲಿ ಇದೇ ದಾರಿ ಹಿಡಿದವರು ಮ್ಯಾಕ್ಸ್ ಹೊವರ್ಡ್. ಇಂಗ್ಲೆಂಡಿನ ರಂಗಭೂಮಿಯಿಂದ ಬಂದು, 1988ರ 'ಹೂ ಫ್ರೇಮ್ಡ್ ರೋಜರ್ ರ‍್ಯಾಬಿಟ್' ಚಿತ್ರದ ಲಂಡನ್ ಸ್ಟುಡಿಯೋ ನೋಡಿಕೊಂಡು, ವಾರ್ನರ್ ಬ್ರದರ್ಸ್‌ನ ಆ್ಯನಿಮೇಷನ್ ವಿಭಾಗದ ಅಧ್ಯಕ್ಷರಾಗಿ, ಕಡೆಗೆ 'ಈಗೋರ್'ನಂಥ (2008) ಚಿತ್ರಗಳ ಸ್ವತಂತ್ರ ನಿರ್ಮಾಪಕರಾದರು. ದೊಡ್ಡ ಕುರ್ಚಿ ಬಿಟ್ಟು ಚಿಕ್ಕ ತಂಡ ಕಟ್ಟಿದ್ದು ನನಗೆ ಇಷ್ಟ. ಆದರೆ ಮನಸ್ಸು ಹೋಗುವುದು ಭೀಮಸೇನರ ಕಡೆಗೇ.

ಕಲಾವಿದನೇ ಯಜಮಾನನಾಗುವುದು ನಮ್ಮ ಬಳ್ಳಾರಿ ಸೀಮೆಗೆ ಹೊಸ ಮಾತೂ ಅಲ್ಲ. ತೊಗಲುಗೊಂಬೆ ಮೇಳದ ಯಜಮಾನ ಮಾಡುತ್ತಿದ್ದುದೇನು? ಆಡಿನ ಚರ್ಮ ತಂದು, ಹದ ಮಾಡಿ, ಕೊರೆದು, ಬಣ್ಣ ಹಾಕಿ, ಪರದೆ ಕಟ್ಟಿ, ದೀಪ ಹೊತ್ತಿಸಿ, ತಾನೇ ಹಾಡಿ ಗೊಂಬೆ ಕುಣಿಸಿ, ಬೆಳಗಾದ ಮೇಲೆ ಊರವರು ಕೊಟ್ಟ ಕಾಳು ಕಾಸನ್ನು ಮೇಳದವರಿಗೆ ಹಂಚುತ್ತಿದ್ದ. ಕಲಾವಿದ, ನಿರ್ಮಾಪಕ, ವಿತರಕ ಮೂವರೂ ಒಬ್ಬನೇ. 2023ರಲ್ಲಿ ನಮ್ಮನ್ನಗಲಿದ ಬೆಳಗಲ್ಲು ವೀರಣ್ಣನವರು ರಾಮಾಯಣದ ಜೊತೆಗೆ ಸ್ವಾತಂತ್ರ್ಯ ಹೋರಾಟವನ್ನೂ ಪರದೆಗೆ ತಂದರು. ಹೊಸ ಕಥೆ ಎಂದರೆ ಹೊಸ ಗೊಂಬೆಗಳು. ಪ್ರತಿ ಗೊಂಬೆಗೂ ಚರ್ಮದ ಬೆಲೆ, ಕೈಯ ದಿನಗಳು. ಯಾವ ಪಾತ್ರ ಬೇಕೇ ಬೇಕು, ಯಾವುದನ್ನು ಮಾತಿನಲ್ಲೇ ಮುಗಿಸಬಹುದು ಎಂಬ ತೀರ್ಮಾನ ಅಲ್ಲಿ ಹುಟ್ಟುತ್ತದೆ. ಜರ್ಮನಿಯ ಲೊಟ್ಟೆ ರೈನಿಗರ್ 1926ರಲ್ಲಿ ಕಪ್ಪು ಕಾಗದ ಕತ್ತರಿಸಿ ಮಾಡಿದ ಪೂರ್ಣಾವಧಿ ಚಿತ್ರವನ್ನು ನೋಡಿದರೆ ತೊಗಲುಗೊಂಬೆ ಆಡಿಸುವ ನಮ್ಮ ಶಿಳ್ಳೇಕ್ಯಾತ ಮನೆತನಗಳಿಗೆ ಅಪರಿಚಿತ ಅನ್ನಿಸಲಾರದು.

ಕನ್ನಡ ನಾಡಿನ ಇತ್ತೀಚಿನ ಉದಾಹರಣೆ 'ಪುಣ್ಯಕೋಟಿ'. ಐಟಿ ಉದ್ಯೋಗದಲ್ಲಿದ್ದ ರವಿಶಂಕರ್ ವಿ. ನಮ್ಮ ಗೋವಿನ ಹಾಡಿನ ಕಥೆಯನ್ನು ಸಂಸ್ಕೃತದಲ್ಲಿ ಆ್ಯನಿಮೇಷನ್ ಚಿತ್ರ ಮಾಡಿದರು. ಬೇಕಾದ ಹಣಕ್ಕೆ ಜನರ ಮುಂದೆಯೇ ಕೈಯೊಡ್ಡಿದರು. ಸಂಗೀತಕ್ಕೆ ಇಳಯರಾಜ, ದನಿಗೆ ರೇವತಿ ಬಂದರು. 2020ರಲ್ಲಿ ಅದು ನೆಟ್‌ಫ್ಲಿಕ್ಸ್‌ನಲ್ಲಿ ಬಂತು. ಕನ್ನಡದಲ್ಲೇ ಕೇಳಿ ಬೆಳೆದ ನನ್ನ ಕಿವಿ ಆ ಸಂಸ್ಕೃತಕ್ಕೆ ಒಗ್ಗಲು ಸ್ವಲ್ಪ ಹೊತ್ತು ಹಿಡಿಯಿತು. ಆದರೂ ಹಲವು ವರ್ಷ ಅಷ್ಟು ಚಿತ್ರಗಳ ಭಾರ ಹೊತ್ತು ಕೈಬಿಡದೆ ದಡ ಮುಟ್ಟಿಸಿದ ಹಟಕ್ಕೆ ನಮಸ್ಕಾರ. ಪವನ್ ಕುಮಾರ್ 2013ರ 'ಲೂಸಿಯಾ'ಗೆ ಪ್ರೇಕ್ಷಕರಿಂದಲೇ ಹಣ ಕೂಡಿಸಿದ ಮೇಲೆ ಕನ್ನಡದಲ್ಲಿ ಇಂಥ ಧೈರ್ಯಕ್ಕೆ ಒಂದು ದಾರಿ ಬಿದ್ದಿತ್ತು.

ಇಷ್ಟೆಲ್ಲ ಬರೆಯಲು ಕಾರಣ ನಮ್ಮ ಸಂಡೂರು ಕಡೆಯ ಚೋರನೂರಿನ ಒಬ್ಬ ಹುಡುಗ. ಬೆಂಗಳೂರಿನ ಸ್ಟುಡಿಯೋವೊಂದರಲ್ಲಿ ಶಾಟ್‌ಗಳ ಲೆಕ್ಕ ಇಡುವ ಕೆಲಸದಲ್ಲಿದ್ದಾನೆ. ಹಬ್ಬಕ್ಕೆ ಊರಿಗೆ ಬಂದಾಗ ಮಾತಿಗೆ ಸಿಕ್ಕಿದ. 2025ರ ಫೆಬ್ರವರಿಯಲ್ಲಿ ಟೆಕ್ನಿಕಲರ್ ಎಂಬ ದೊಡ್ಡ ಸ್ಟುಡಿಯೋ ಕಂಪನಿ ಬಾಗಿಲು ಹಾಕಿದಾಗ ಬೆಂಗಳೂರಿನಲ್ಲಿ ಅವನ ಗೆಳೆಯರೂ ಸೇರಿ ಎಷ್ಟೋ ಮಂದಿ ಬೀದಿಗೆ ಬಿದ್ದರು. ಅಂದಿನಿಂದ ಅವನಿಗೆ ಸ್ವಂತದ್ದೊಂದು ಮಾಡಬೇಕೆಂಬ ಯೋಚನೆ. 'ಅಣ್ಣಾ, ನಾವು ಬರೀ ಪಟ್ಟಿ ಬರಿಯೋರು. ಪಿಚ್ಚರ್ ಮಾಡಾಕ ನಮ್ಮಂಥೋರಿಗೆ ಆಗ್ತೈತೇನು?' ಎಂದ.

ಆಗುತ್ತದೆ ತಮ್ಮಾ. ನೀನು ಬರೆಯುವ ಆ ಪಟ್ಟಿಯೇ ನಿರ್ಮಾಣ. ಯಾವ ಶಾಟ್ ಯಾರ ಕೈಲಿದೆ, ಯಾವಾಗ ಮುಗಿಯುತ್ತದೆ, ಯಾವುದು ತಡವಾದರೆ ಇನ್ನೆಷ್ಟು ನಿಲ್ಲುತ್ತವೆ ಎಂಬುದು ಗೊತ್ತಿಲ್ಲದೆ ಹಣ ಸುರಿದು ಮುಳುಗಿದವರನ್ನು ಗಾಂಧಿನಗರದಲ್ಲಿ ಬೇಕಾದಷ್ಟು ನೋಡಬಹುದು. ಮೂರು ನಿಮಿಷದ ಕಥೆ ಹಿಡಿ; ಎರಡು ಫ್ರೇಮಿಗೊಂದರಂತೆ 2,160 ಚಿತ್ರ. ಒಬ್ಬ ಗೆಳೆಯ ದಿನಕ್ಕೆ ಎಷ್ಟು ಬರೆಯಬಲ್ಲ ಎಂಬುದು ನನಗಿಂತ ನಿನಗೇ ಚೆನ್ನಾಗಿ ಗೊತ್ತು. ಕರ್ನಾಟಕ ಸರ್ಕಾರ 2012ರಿಂದ ಆ್ಯನಿಮೇಷನ್ ಉದ್ಯಮಕ್ಕೆ ನೀತಿ ಮಾಡುತ್ತಾ ಬಂದಿದೆ, 2024ರಿಂದ 2029ರವರೆಗಿನದು ಈಗ ಚಾಲ್ತಿಯಲ್ಲಿದೆ. ಅದನ್ನು ತೆಗೆದು ಓದು. ಆದರೆ ಕಥೆಯ ಹಾಳೆಗಳು ಮುಗಿಯುವ ಮುಂಚೆ ಯಾರ ಬಾಗಿಲಿಗೂ ಹೋಗಬೇಡ. ಮತ್ತೆ, ಸಂಡೂರಿನ ಗುಡ್ಡ, ಅದಿರಿನ ಕೆಂಪು ಧೂಳು, ನಿನ್ನ ಹೋಬಳಿಯ ಹೊಲಗಳನ್ನು ಪಾತ್ರಗಳಿಗಿಂತ ಮೊದಲು ಬರೆಸು.