ಕೋಡ್ ಅಗ್ಗ ಆದ್ರೆ ಕೋಡರ್‌ಗೇನು ಲಾಭ?

ಎಐ ಬಂದ್ರೆ ಸಾಫ್ಟ್‌ವೇರ್ ಅಗ್ಗ ಆಗುತ್ತೆ, ಅಗ್ಗ ಆದ್ರೆ ಜನ ಇನ್ನೂ ಜಾಸ್ತಿ ಕೇಳ್ತಾರೆ, ಹಾಗಾಗಿ ಪ್ರೋಗ್ರಾಮರ್‌ಗಳಿಗೂ ಕೆಲಸ ಜಾಸ್ತಿ. ನಮ್ಮ ಐಟಿ ಮಂದಿ ಈಗ ಒಬ್ಬರಿಗೊಬ್ಬರು ಹೇಳಿಕೊಳ್ಳುತ್ತಿರುವ ಸಮಾಧಾನದ ಮಾತಿದು. ಸಾಕ್ಷಿಗೆ ಜೆವೊನ್ಸ್. ಉಗಿಯಂತ್ರಗಳು ಕಡಿಮೆ ಕಲ್ಲಿದ್ದಲಿನಲ್ಲಿ ಓಡತೊಡಗಿದ ಮೇಲೆ ಇಂಗ್ಲೆಂಡಿನಲ್ಲಿ ಕಲ್ಲಿದ್ದಲಿನ ಬಳಕೆ ಇಳಿಯಲಿಲ್ಲ, ಏರಿತು ಅಂತ 1865ರಲ್ಲೇ ಬರೆದವನು. 2025ರ ಜನವರಿಯಲ್ಲಿ ಸತ್ಯ ನಾಡೆಲ್ಲಾ ನೆನೆದ ಮೇಲಂತೂ ಎಲ್ಲರ ಬಾಯಲ್ಲೂ ಅವನೇ.

ಈ ವಾದದ ಮೊದಲರ್ಧ ನಾನು ಒಪ್ಪುತ್ತೇನೆ. ಅದಕ್ಕೆ ಇಂಗ್ಲೆಂಡಿಗೆ ಹೋಗಬೇಕಿಲ್ಲ. ನಾನಿರುವ ರಾಜಾನುಕುಂಟೆಯಲ್ಲಿ ಸೈಟಿನ ವಿಷಯ ಎತ್ತಿ ನೋಡಿ, ಎರಡನೇ ಮಾತಿಗೆ ಪಹಣಿ, ಮೂರನೇ ಮಾತಿಗೆ ಇ-ಖಾತಾ ಬರುತ್ತೆ. 2002ರ ಹೊತ್ತಿಗೆ 'ಭೂಮಿ' ಯೋಜನೆ ರಾಜ್ಯದ ಸುಮಾರು 2 ಕೋಟಿ ಪಹಣಿಗಳನ್ನು ಕಂಪ್ಯೂಟರಿಗೆ ಹಾಕಿತು. 15 ರೂಪಾಯಿಗೆ ಪ್ರಿಂಟ್ ಕೈಗೆ. ಅಲ್ಲಿಗೆ ಮುಗೀಬೇಕಿತ್ತಲ್ವಾ? ಸರ್ವೆಗೆ ಮೋಜಿಣಿ, ನೋಂದಣಿಗೆ ಕಾವೇರಿ, ಪಂಚಾಯಿತಿ ಆಸ್ತಿಗೆ ಇ-ಸ್ವತ್ತು; ಇವು ಒಂದರ ಜೊತೆ ಒಂದು ಮಾತಾಡೋಕೆ ಮತ್ತಷ್ಟು ಸಾಫ್ಟ್‌ವೇರ್. 2024ರಲ್ಲಿ ಗ್ರಾಮ ಆಡಳಿತಾಧಿಕಾರಿಗಳು ಮುಷ್ಕರ ಹೂಡಿದಾಗ ಅವರ ದೂರುಗಳಲ್ಲೊಂದು, ನಮ್ಮ ಒಬ್ಬೊಬ್ಬರ ತಲೆಗೂ ಇಷ್ಟೊಂದು ಆಪ್ ಕಟ್ಟಿದ್ದೀರಿ ಅನ್ನೋದು! ಸಾಫ್ಟ್‌ವೇರಿನ ಹಸಿವು ತೀರೋದಲ್ಲ.

ನನ್ನ ತಕರಾರು ಉಳಿದರ್ಧದ ಮೇಲೆ. ಜೆವೊನ್ಸ್ ಕಾಲದ ಗಣಿಯಲ್ಲಿ ಅಗೆಯೋಕೆ ಮನುಷ್ಯನೇ ಬೇಕಿತ್ತು, ಹಾಗಾಗಿ ಕಲ್ಲಿದ್ದಲಿನ ಜೊತೆ ಕಾರ್ಮಿಕರೂ ಹೆಚ್ಚಿದರು. ಇಲ್ಲಿ ಅಗೆಯೋ ಕೆಲಸಕ್ಕೇ ಯಂತ್ರ ಬಂದಿದೆ. ಎಸ್‌ಟಿಡಿ ಬೂತ್ ನೆನಪಿದೆಯಾ? ಫೋನ್ ಅಗ್ಗ ಆಯ್ತು, ಜನ ಮೊದಲಿಗಿಂತ ಎಷ್ಟೋ ಪಟ್ಟು ಮಾತಾಡಿದ್ರು, ಬೂತ್‌ಗಳು ಬಾಗಿಲು ಹಾಕಿದವು.

ಅದರಲ್ಲೂ ನಮ್ಮ ಸರ್ವಿಸ್ ಕಂಪನಿಗಳು ಇಷ್ಟು ವರ್ಷ ಮಾರಿದ್ದು ತಲೆ ಮತ್ತು ಗಂಟೆ. ಕೆಳಗೆ ನೂರಾರು ಫ್ರೆಶರ್, ಮೇಲೆ ನಾಲ್ಕು ಮ್ಯಾನೇಜರ್. ಟೆಸ್ಟ್ ಕೇಸ್ ಬರೆಯೋದು, ಹಳೇ ಬಗ್ ಸರಿಮಾಡೋದು, ಸಣ್ಣಪುಟ್ಟ ಸ್ಕ್ರೀನ್ ಕಟ್ಟೋದು: ಫ್ರೆಶರ್ ಕೆಲಸ ಕಲಿಯುತ್ತಿದ್ದದ್ದು ಇವುಗಳಲ್ಲೇ, ಎಐ ಮೊದಲು ಕೈ ಹಾಕಿರೋದೂ ಇವಕ್ಕೇ. ಐದು ಜನರ ಕೆಲಸ ಇಬ್ಬರಿಂದ ಆದಾಗ ಕ್ಲೈಂಟ್ ಉಳಿದ ಮೂವರಿಗೆ ಹೊಸ ಪ್ರಾಜೆಕ್ಟ್ ಕೊಡ್ತಾನಾ, ಬಿಲ್ ಇಳಿಸಿ ಅಂತಾನಾ? ಮೊದಲು ಬಿಲ್ಲೇ ಇಳಿಯುತ್ತೆ ಅಂತ ನನ್ನ ಅಂದಾಜು.

ಹಾಗಂತ ಪ್ರೋಗ್ರಾಮರ್ ಕತೆ ಮುಗೀತು ಅನ್ನೋರ ಮಾತೂ ಪೊಳ್ಳೇ. ಒಂದು ಸರ್ವೆ ನಂಬರ್, ನಾಲ್ಕು ಅಣ್ಣತಮ್ಮಂದಿರು, ಪೋಡಿ ಆಗಿಲ್ಲ, ಒಬ್ಬರು ತೀರಿಹೋಗಿದ್ದಾರೆ. ಇದಕ್ಕೊಂದು ಫಾರ್ಮ್ ಕಟ್ಟೋದು ಎಐಗೆ ಹತ್ತು ನಿಮಿಷದ ಕೆಲಸ. ಆ ಫಾರ್ಮಿನಲ್ಲಿ ಏನೇನು ಕೇಳಬೇಕು ಅಂತ ನಾಡಕಚೇರಿಯಲ್ಲಿ ಕೂತು ತಿಳ್ಕೊಂಡು ಬರೋರು ಬೇಕು, ಇನ್ನೂ ಜಾಸ್ತಿ ಬೇಕಾಗ್ತಾರೆ. ನಮ್ಮ ಕ್ಯಾಂಪಸ್ ಇಂಟರ್‌ವ್ಯೂಗಳಲ್ಲಿ ಮಾತ್ರ ಈಗಲೂ ಲಿಂಕ್ಡ್ ಲಿಸ್ಟ್ ತಿರುಗಿಸಿ ತೋರಿಸು ಅಂತಾರೆ.